ನಂಜು ನುಂಗಿದ್ದು ಸಾಕು, ಬಾಯಿ ಬಿಟ್ಟು ಕೇಳಿ

ಸಂಜೆ ಏಳೂವರೆ. ಕುಕ್ಕರ್ ಮೂರನೇ ವಿಷಲ್ ಹಾಕಿದೆ. ಟಿ.ವಿ.ಯಲ್ಲಿ ಧಾರಾವಾಹಿ ಓಡುತ್ತಿದೆ, ಆದರೆ ನಿಮ್ಮ ಕಿವಿ ಇರುವುದು ಗೇಟಿನ ಕಡೆಗೆ. ಬೈಕ್ ನಿಲ್ಲಿಸುವ ಸದ್ದಿನಲ್ಲೇ ನಿಮಗೆ ಗೊತ್ತಾಗಿಬಿಡುತ್ತದೆ, ಇವತ್ತು ಎಷ್ಟು ಹಾಕಿಕೊಂಡು ಬಂದಿದ್ದಾರೆ ಅಂತ. ಮಗಳು ಪುಸ್ತಕ ಎತ್ತಿಕೊಂಡು ಸದ್ದಿಲ್ಲದೆ ಒಳಗಿನ ರೂಮಿಗೆ ಹೋಗುತ್ತಾಳೆ. ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ ನೀವು ಟಿ.ವಿ. ಸೌಂಡ್ ಜಾಸ್ತಿ ಮಾಡುತ್ತೀರಿ. ಬೆಳಿಗ್ಗೆ ಫ್ಯಾಕ್ಟರಿಗೆ ಫೋನ್ ಮಾಡಿ, ‘ಅವರಿಗೆ ಜ್ವರ ಸಾರ್, ಇವತ್ತು ಡ್ಯೂಟಿಗೆ ಬರೋಕಾಗಲ್ಲ’ ಅಂತ ಹೇಳುವವರೂ ನೀವೇ.

ಹೌದು ತಾನೇ? ಈ ದಿನಚರಿ ನಿಮ್ಮದಾಗಿದ್ದರೆ ಈ ಪುಟವನ್ನು ಮಡಚಿಡಬೇಡಿ. ಪೂರ್ತಿ ಓದಿ.

ನಂಜನಗೂಡಿನವರಿಗೆ ನಂಜುಂಡನ ಕಥೆ ಹೇಳಬೇಕಾಗಿಲ್ಲ. ಸಮುದ್ರ ಮಥನದಲ್ಲಿ ಬಂದ ಹಾಲಾಹಲವನ್ನು ಶಿವ ಕುಡಿದ, ಲೋಕ ಉಳಿಯಿತು. ನಮ್ಮ ಹೆಣ್ಣುಮಕ್ಕಳೂ ಇದನ್ನೇ ಮಾಡುತ್ತಾ ಬಂದಿದ್ದಾರೆ. ಮನೆಯ ನಂಜನ್ನೆಲ್ಲ ತಾವೇ ನುಂಗಿ, ಹೊರಗೆ ನಗುತ್ತಾ ಓಡಾಡುತ್ತಾರೆ. ಆದರೆ ಆ ಕಥೆಯ ಇನ್ನೊಂದು ಭಾಗವನ್ನು ಯಾಕೋ ಮರೆತುಬಿಡುತ್ತೇವೆ. ಶಿವ ವಿಷ ಕುಡಿದಾಗ ಅದು ಒಳಗಿಳಿಯದಂತೆ ಪಾರ್ವತಿ ಓಡಿಬಂದು ಅವನ ಕುತ್ತಿಗೆ ಹಿಡಿದಳಲ್ಲ! ದೇವರಿಗೇ ಒಬ್ಬರ ಕೈ ಬೇಕಾಯಿತು. ನಿಮಗೆ ಬೇಡವೇ?

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮನೆಯಲ್ಲಿ ಕುಡಿತದ ಚಟ ಇದ್ದರೆ, ‘ಅವರು ಒಪ್ಪಲಿ, ಆಮೇಲೆ ನೋಡೋಣ’ ಎಂದು ಕಾಯಬೇಡಿ. ಮೊದಲು ನೀವು ಹೋಗಿ. ನೀವೇ ಫೋನ್ ಮಾಡಿ, ನೀವೇ ಡಾಕ್ಟರ ಹತ್ತಿರ ಮಾತಾಡಿ. ಸಹಾಯ ನಿಮ್ಮಿಂದಲೇ ಶುರುವಾಗಬಹುದು.

ಇದು ನಿಮ್ಮ ತಪ್ಪಲ್ಲ

‘ಹೆಂಡತಿ ಸರಿಯಿದ್ದಿದ್ದರೆ ಅವನ್ಯಾಕೆ ಕುಡೀತಿದ್ದ?’ ಈ ಮಾತು ಕೇಳದ ಹೆಂಗಸು ಉಂಟೇ? ಅತ್ತೆ ಹೇಳಿರುತ್ತಾರೆ, ನಾದಿನಿ ಹೇಳಿರುತ್ತಾಳೆ. ಕೊನೆಗೆ ಕನ್ನಡಿ ಮುಂದೆ ನಿಂತು ನೀವೇ ನಿಮಗೆ ಹೇಳಿಕೊಂಡಿರುತ್ತೀರಿ.

ವೈದ್ಯಶಾಸ್ತ್ರ ಹೇಳುವುದೇ ಬೇರೆ. ಮದ್ಯವ್ಯಸನ ಒಂದು ಕಾಯಿಲೆ. ವರ್ಷಗಟ್ಟಲೆ ಕುಡಿದ ಮೇಲೆ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಡುತ್ತದೆ, ಅದಿಲ್ಲದೆ ನಡೆಯಲಾರದ ಸ್ಥಿತಿಗೆ ಬರುತ್ತದೆ. ಬೆಳಿಗ್ಗೆ ಎದ್ದಾಗ ಕೈ ನಡುಗುವುದು, ಒಂದು ಕ್ವಾರ್ಟರಿನಲ್ಲಿ ಆಗುತ್ತಿದ್ದ ಅಮಲಿಗೆ ಈಗ ಎರಡು ಬೇಕಾಗುವುದು, ಬಿಡಬೇಕೆಂದು ಮನಸ್ಸಿದ್ದರೂ ಬಿಡಲಾಗದಿರುವುದು, ಕೆಲಸ-ಹಬ್ಬ-ಮಕ್ಕಳ ಪರೀಕ್ಷೆ ಎಲ್ಲಕ್ಕಿಂತ ಬಾಟಲಿಯೇ ಮುಂದಾಗುವುದು... ಇವೆಲ್ಲ ಆ ಕಾಯಿಲೆಯ ಲಕ್ಷಣಗಳು. ಕಾಯಿಲೆ ಅಂದಮೇಲೆ ಅವರು ಮಾಡಿದ್ದೆಲ್ಲ ಮಾಫಿ ಎಂದಲ್ಲ. ಅದನ್ನು ನೀವು ತಂದಿಲ್ಲ, ನಿಮ್ಮ ಕಣ್ಣೀರಿನಿಂದ ಅದು ವಾಸಿಯೂ ಆಗುವುದಿಲ್ಲ ಎಂದಷ್ಟೇ.

ನೀವೊಬ್ಬರೇ ಅಂದುಕೊಂಡಿದ್ದೀರಾ? ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಕುಡಿತದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾಗಿರುವವರು 5 ಕೋಟಿ 70 ಲಕ್ಷ ಜನ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ. ಚಟಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಲ್ಲಿ ಏನಾಗುತ್ತಿದೆ? ಬಹುಪಾಲು ಮನೆಗಳಲ್ಲಿ ಟಿ.ವಿ. ಸೌಂಡ್ ಜಾಸ್ತಿಯಾಗುತ್ತಿದೆ!

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪಾಕೆಟ್ ಹೋಯಿತು, ಆದರೆ ಕುಡಿತ ಹೋಗಲಿಲ್ಲ. ಅಂಗಡಿ ಮುಚ್ಚಿದರೆ ಚಟ ತಾನಾಗಿ ಹೋಗುತ್ತದೆ ಎಂದು ಕಾಯುವುದೂ ಒಂದು ರೀತಿಯ ಕಾಯುವಿಕೆಯೇ. ಅಂಗಡಿಯ ಜಗಳ ಬೇರೆ, ನಿಮ್ಮ ಮನೆಯ ಕಾಯಿಲೆ ಬೇರೆ.

ಗುಟ್ಟಿನ ಪುಡಿ ಬೇಡವೇ ಬೇಡ

ಬಸ್ ಸ್ಟ್ಯಾಂಡಿನ ಗೋಡೆ ಮೇಲೆ, ಲೈಟು ಕಂಬದ ಮೇಲೆ ನೋಡಿರುತ್ತೀರಿ. ‘ಕುಡಿತ ಬಿಡಿಸುತ್ತೇವೆ. ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಬಹುದು.’ ಕೆಳಗೊಂದು ಮೊಬೈಲ್ ನಂಬರ್. ಸಾಕಾಗಿ ಹೋದ ಹೆಂಗಸಿಗೆ ಇದಕ್ಕಿಂತ ಸುಲಭದ ದಾರಿ ಇನ್ನೇನಿದೆ? ಜಗಳವಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಸಾರಿಗೆ ಒಂದು ಚಿಟಿಕೆ ಹಾಕಿದರಾಯಿತು.

ದಯವಿಟ್ಟು ಇದೊಂದನ್ನು ಮಾಡಬೇಡಿ. ಡೈಸಲ್ಫಿರಾಮ್ ಎಂಬ ಒಂದು ಮಾತ್ರೆ ಇದೆ. ಇದನ್ನು ನುಂಗಿದವರು ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಆ ಭಯದಿಂದಲೇ ದೂರ ಇರಲಿ ಎಂದು ಡಾಕ್ಟರು ಇದನ್ನು ಕೊಡುವುದುಂಟು. ಆದರೆ ರೋಗಿಗೆ ಪೂರ್ತಿ ತಿಳಿಸಿ, ಅವರ ಒಪ್ಪಿಗೆ ಪಡೆದು, ಲಿವರ್ ಮತ್ತು ಹೃದಯ ಪರೀಕ್ಷಿಸಿದ ಮೇಲೆ ಮಾತ್ರ. ಗೊತ್ತಿಲ್ಲದೆ ಹೊಟ್ಟೆಗೆ ಹೋದಾಗ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೋ ಯಾರು ಬಲ್ಲರು? ಅದು ಬರೀ ಅಡುಗೆ ಸೋಡಾ ಆಗಿದ್ದರೆ ದುಡ್ಡು ದಂಡ. ಬೇರೇನಾದರೂ ಆಗಿದ್ದರೆ... ಆಮೇಲೆ ನಿಮ್ಮ ಗತಿಯೇನು, ಮಕ್ಕಳ ಗತಿಯೇನು?

ಇನ್ನೂ ಒಂದಿದೆ. ಗುಟ್ಟಾಗಿ ಕೊಟ್ಟದ್ದು ಒಂದು ದಿನ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ನೀವು ಕೊಟ್ಟ ನೀರನ್ನೂ ಅವರು ನಂಬುವುದಿಲ್ಲ.

ಏಕಾಏಕಿ ನಿಲ್ಲಿಸುವುದೂ ಅಪಾಯ

ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಆಣೆ ಹಾಕಿಸುವುದು, ಉರುಳು ಸೇವೆಯ ಹರಕೆ ಹೊರುವುದು, ಅಯ್ಯಪ್ಪನ ಮಾಲೆ ಹಾಕಿಸುವುದು, ಇದೆಲ್ಲ ನಮ್ಮ ಕಡೆ ಇದ್ದದ್ದೇ. ಮಾಲೆ ಹಾಕಿದ 41 ದಿನ ಒಂದು ತೊಟ್ಟೂ ಮುಟ್ಟದವರು, ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಬಾರಿನಲ್ಲಿ ಕೂತದ್ದನ್ನೂ ನೋಡಿದ್ದೇವೆ. ದೇವರ ಮೇಲಿನ ಭಕ್ತಿಯನ್ನು ಹಳಿಯುತ್ತಿಲ್ಲ. ಆ 41 ದಿನ ಬಿಟ್ಟಿದ್ದರಲ್ಲ, ಅದು ಅವರಿಗೆ ಬಿಡಲು ಸಾಧ್ಯ ಎಂಬುದಕ್ಕೆ ಸಾಕ್ಷಿ. 42ನೇ ದಿನಕ್ಕೆ ಆಸರೆ ಯಾರು ಎಂಬುದೇ ಪ್ರಶ್ನೆ.

ಆದರೆ ಒಂದು ಎಚ್ಚರ. ಬೆಳಿಗ್ಗೆಯಿಂದ ರಾತ್ರಿವರೆಗೆ ದಿನಾ ಕುಡಿಯುವವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಮೈ ತಿರುಗಿಬೀಳುತ್ತದೆ. ಮೊದಲ ದಿನ ನಡುಕ, ಬೆವರು, ನಿದ್ದೆಯಿಲ್ಲದಿರುವುದು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರು ಇಲ್ಲದ್ದನ್ನು ಕಾಣುತ್ತಾರೆ. ‘ಗೋಡೆ ಮೇಲೆ ಹುಳ ಹರೀತಿದೆ’, ‘ಯಾರೋ ಕರೀತಿದಾರೆ’ ಎಂದು ಒದರುತ್ತಾರೆ. ಇದನ್ನು ದೆವ್ವ ಹಿಡಿದಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡು ಮಂತ್ರ ಹಾಕಿಸಲು ಹೋದರೆ ಹೊತ್ತು ಮೀರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಇಂಥ ಲಕ್ಷಣ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ. ‘ಇವರು ದಿನಾ ಕುಡಿಯುವವರು, ಬಿಟ್ಟು ಇಷ್ಟು ದಿನವಾಯಿತು’ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಆ ಒಂದು ವಾಕ್ಯ ಡಾಕ್ಟರಿಗೆ ದಾರಿ ತೋರಿಸುತ್ತದೆ.

ವಿಪರೀತ ಕುಡಿಯುವವರು ಬಿಡಲು ಒಪ್ಪಿದರೆ ಮೊದಲ ಒಂದೆರಡು ವಾರ ವೈದ್ಯರ ಕಣ್ಣಳತೆಯಲ್ಲೇ ಇರಲಿ. ನಡುಕ, ಫಿಟ್ಸ್ ತಡೆಯುವುದಕ್ಕೆ ಔಷಧಿ ಇದೆ. ಊಟ ಬಿಟ್ಟು ಸೊರಗಿದ ದೇಹಕ್ಕೆ ಬಿ-1 ವಿಟಮಿನ್ ಕೊಡುತ್ತಾರೆ. ಇದು ಅರ್ಧ ಕೆಲಸ ಮಾತ್ರ. ಮನಸ್ಸನ್ನು ಗಟ್ಟಿ ಮಾಡುವ ಕೆಲಸ ಅದಾದ ಮೇಲೆ ಶುರುವಾಗುತ್ತದೆ.

ಮೊದಲು ನೀವು ಹೋಗಿ

‘ಅವರೇ ಬರಲ್ಲ ಅಂತಾರೆ, ನಾನು ಹೋಗಿ ಏನ್ ಮಾಡ್ಲಿ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಬರೀ ಸಮಾಧಾನದ ಮಾತಲ್ಲ, ಲೆಕ್ಕದ ಉತ್ತರವೇ ಇದೆ. ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಗೆ ಸುತರಾಂ ಒಪ್ಪದ ಕುಡುಕರ ಮನೆಯವರಿಗೆ ತರಬೇತಿ ಕೊಟ್ಟು ನೋಡಿದರು. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಕುಡಿಯದ ದಿನ ಹೇಗೆ ಹತ್ತಿರವಾಗಬೇಕು, ಕುಡಿದ ದಿನ ಹೇಗೆ ದೂರ ಸರಿಯಬೇಕು ಎಂಬ ಸರಳ ಪಾಠಗಳು. ಹೀಗೆ ಕಲಿತವರ ಮನೆಗಳಲ್ಲಿ ನೂರಕ್ಕೆ 64 ಜನ ಕುಡುಕರು ಕೊನೆಗೆ ಚಿಕಿತ್ಸೆಗೆ ಒಪ್ಪಿದರು. ಎಲ್ಲರೂ ಸುತ್ತ ಕೂತು ಒಮ್ಮೆಲೇ ತರಾಟೆಗೆ ತೆಗೆದುಕೊಳ್ಳುವ ಇನ್ನೊಂದು ವಿಧಾನದಲ್ಲಿ ಒಪ್ಪಿದವರು ಇದರ ಅರ್ಧದಷ್ಟೂ ಇರಲಿಲ್ಲ. ನೆಂಟರನ್ನೆಲ್ಲ ಕರೆಸಿ ಪಂಚಾಯ್ತಿ ಮಾಡಿಸುವ ನಮ್ಮ ಪದ್ಧತಿ ಯಾಕೆ ಕೈಕೊಡುತ್ತದೆ ಎಂಬುದು ಈಗ ಗೊತ್ತಾಯಿತಲ್ಲವೇ?

ಹೆಂಡತಿಯರೇ ಮೊದಲ ಹೆಜ್ಜೆಯಿಟ್ಟದ್ದಕ್ಕೆ ಇತಿಹಾಸವೂ ಇದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವ, ಇನ್ನೊಬ್ಬ ಡಾಕ್ಟರು, ಪರಸ್ಪರ ಮಾತಾಡಿಕೊಂಡೇ ಕುಡಿತ ಬಿಟ್ಟರು. ಅದೇ ಮುಂದೆ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಆಯಿತು. ಎಲ್ಲರೂ ಎ.ಎ. ಅಂತಾರೆ. ಗಂಡಂದಿರ ಸಭೆ ಮುಗಿಯುವವರೆಗೆ ಕಾಯುತ್ತಿದ್ದ ಹೆಂಡತಿಯರು ತಮ್ಮ ತಮ್ಮಲ್ಲೇ ಕಷ್ಟಸುಖ ಹಂಚಿಕೊಳ್ಳತೊಡಗಿದರು. ಅವರ ಪಾಡಿಗೂ ಒಂದು ಸಂಘ ಬೇಕೆಂದು 1951ರಲ್ಲಿ ‘ಆಲ್-ಅನಾನ್’ ಹುಟ್ಟಿತು. ಗಂಡ ಬಿಟ್ಟರೂ ಬಿಡದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು. ಗಂಡನನ್ನು ಚಿಕಿತ್ಸೆಗೆ ಕರೆತರುವ ಉಪಾಯವನ್ನು ಅಲ್ಲಿ ಹೇಳಿಕೊಡುವುದಿಲ್ಲ, ನಿಜ. ಆದರೆ ನಿಮ್ಮ ಎದೆಯ ಭಾರ ಇಳಿಯುತ್ತದೆ.

ಅಷ್ಟು ದೂರ ಯಾಕೆ, ಪಕ್ಕದ ಚೆನ್ನೈನ ಶಾಂತಿ ರಂಗನಾಥನ್ ಅವರನ್ನೇ ನೋಡಿ. ಟಿ.ಟಿ.ಕೆ. ಮನೆತನದ ಸೊಸೆ. ಹಣಕ್ಕೆ, ಹೆಸರಿಗೆ ಕೊರತೆಯಿಲ್ಲ. ಆದರೂ ಗಂಡನನ್ನು ಚಿಕ್ಕ ವಯಸ್ಸಿನಲ್ಲೇ ಕುಡಿತ ತೆಗೆದುಕೊಂಡು ಹೋಯಿತು. ಅವರು ಮೂಲೆ ಹಿಡಿದು ಕೂರಲಿಲ್ಲ. 1980ರಲ್ಲಿ ಗಂಡನ ಹೆಸರಿನಲ್ಲೇ ವ್ಯಸನಮುಕ್ತಿ ಚಿಕಿತ್ಸೆಯ ಸಂಸ್ಥೆ ಕಟ್ಟಿದರು. ಮಂಜಕ್ಕುಡಿ ಎಂಬ ಹಳ್ಳಿಗೆ ಹೋಗಿ ಅಲ್ಲಿಯೇ ಶಿಬಿರ ಹಾಕಿ ಚಿಕಿತ್ಸೆ ಕೊಟ್ಟರು. 1992ರಲ್ಲಿ ಪದ್ಮಶ್ರೀ ಬಂತು. ಗಂಡ ಕುಡಿಯುತ್ತಿದ್ದ ಎಂದು ಹೇಳಿಕೊಂಡರೆ ಮಾನ ಹೋಗುತ್ತದೆ ಎಂದು ಅವರು ಬಾಯಿ ಮುಚ್ಚಿಕೊಂಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಹತ್ತಿರದಲ್ಲಿ ಏನೇನಿದೆ?

ಮೊದಲ ಹೆಜ್ಜೆಗೆ ಬಸ್ಸೂ ಬೇಡ, ಮನೆಯಲ್ಲೇ ಕೂತು ಇಡಬಹುದು. 14416 ಒತ್ತಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. 14446 ಎಂಬುದು ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆಯ ವ್ಯಸನಮುಕ್ತಿ ಸಹಾಯವಾಣಿ. ನಿಮಗೆ ಹತ್ತಿರ ಇರುವ, ಸರ್ಕಾರದ ನೆರವಿನಿಂದ ನಡೆಯುವ ಕೇಂದ್ರ ಯಾವುದು ಎಂದು ಇಲ್ಲಿ ಕೇಳಿ. ಮಗ ಅಥವಾ ಗಂಡ ಗುಟ್ಕಾ, ಬೀಡಿ, ಸಿಗರೇಟು ಬಿಡಬೇಕೆಂದಿದ್ದರೆ 1800-11-2356. ಮಧ್ಯಾಹ್ನ ಎಲ್ಲರೂ ಹೊರಗಿರುವಾಗ ಹತ್ತು ನಿಮಿಷ ಸಾಕು. ಏನು ಹೇಳಬೇಕೋ ತೋಚದಿದ್ದರೆ, ‘ನಮ್ಮ ಯಜಮಾನರು ಕುಡೀತಾರೆ, ನನಗೇನೂ ದಿಕ್ಕು ತೋಚ್ತಿಲ್ಲ’ ಅನ್ನಿ. ಅಷ್ಟು ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.

ಎರಡನೆಯದು ನಿಮ್ಮೂರಿನ ಸರ್ಕಾರಿ ಆಸ್ಪತ್ರೆ. ನಂಜನಗೂಡು, ತಿ. ನರಸೀಪುರ ಎರಡರಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ. ಮಾನಸಿಕ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬಂದು ನೋಡುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ತಂದಿದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆ ಎಂದು ಚೀಟಿ ಕೊಡುವಲ್ಲಿ ಕೇಳಿ, ಇಲ್ಲವೇ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ‘ಅಯ್ಯೋ, ಅಲ್ಲಿ ನಮ್ಮ ಪರಿಚಯದವರು ನೋಡಿಬಿಟ್ಟರೆ?’ ಅನ್ನಿಸಿದರೆ ಮೈಸೂರಿಗೆ ಹೋಗಿ.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಅದು ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು, ಸರ್ಕಾರಿ. ಸುತ್ತೂರು ಮಠದ ಜೆ.ಎಸ್.ಎಸ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ನಂಜನಗೂಡಿನಿಂದ ರೈಲಿದೆ, ಬಸ್ಸಿದೆ. ತಿ. ನರಸೀಪುರದಿಂದ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿನ ಯೋಚನೆಯೂ ಇಲ್ಲವಲ್ಲ! ಗಂಡ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿದ್ದು ಇಎಸ್‌ಐ ಕಾರ್ಡ್ ಇದ್ದರೆ, ಅದರಲ್ಲಿ ಏನು ಸಿಗುತ್ತದೆ ಎಂದು ಇಎಸ್‌ಐ ದವಾಖಾನೆಯಲ್ಲಿ ವಿಚಾರಿಸಿ. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡುವುದು ಆಸ್ಪತ್ರೆಯ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ರೋಗಿಯ ಹಕ್ಕು ಎಂದೇ ಹೇಳಿದೆ.

ಕಷ್ಟದ ಕೇಸುಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೊಸೂರು ರಸ್ತೆಯಲ್ಲಿರುವ ಈ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರವಿದೆ. ಮಕ್ಕಳಿಗೆ ಮೊಬೈಲ್ ಗೇಮಿನ ಹುಚ್ಚು ಮಿತಿ ಮೀರಿದ್ದರೆ ಅದಕ್ಕೂ ಅಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ತವರು ಹುಬ್ಬಳ್ಳಿ-ಧಾರವಾಡದ ಕಡೆಯಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಅಕ್ಕನೋ ತಂಗಿಯೋ ಕಾಸರಗೋಡಿನಲ್ಲಿದ್ದರೆ, ಅಲ್ಲಿ ಕೇರಳ ಅಬಕಾರಿ ಇಲಾಖೆಯೇ ನಡೆಸುವ ‘ವಿಮುಕ್ತಿ’ ಯೋಜನೆ ಇದೆ. ಗಂಡನ ಕೆಲಸ ಊರೂರು ಸುತ್ತಿಸುವಂಥದ್ದಾದರೆ ಊರು ಬದಲಾದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸಬೇಡಿ. ಚೀಟಿ, ಮಾತ್ರೆಗಳ ವಿವರ ಒಂದು ಫೈಲಿನಲ್ಲಿಟ್ಟು ಹೊಸ ಊರಿನ ಡಾಕ್ಟರಿಗೆ ತೋರಿಸಿ.

ಆಸ್ಪತ್ರೆ ಅಂದರೆ ದೂರ ಓಡುವ ಗಂಡಸರೂ ಧರ್ಮಸ್ಥಳ ಅಂದರೆ ತಲೆ ಬಗ್ಗಿಸುವುದುಂಟು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ತುಂಬ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರ ನಡೆಸಿದ್ದಾರೆ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ 8 ದಿನ ಅಲ್ಲೇ ಉಳಿಸಿಕೊಂಡು ಯೋಗ, ಭಜನೆ, ಸಲಹೆ, ವೈದ್ಯರ ತಪಾಸಣೆ ಎಲ್ಲ ಮಾಡಿಸುತ್ತಾರೆ. ಮನೆಯವರನ್ನೂ ಕರೆಸಿ ಮಾತಾಡುತ್ತಾರೆ. ಬಿಟ್ಟವರಿಗಾಗಿ ಆಮೇಲೆ ‘ನವಜೀವನ ಸಮಿತಿ’ ಇರುತ್ತದೆ. ನನ್ನ ಲೆಕ್ಕದಲ್ಲಿ ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ, 42ನೇ ದಿನದ ಆಸರೆ ಅಂದೆನಲ್ಲ, ಅದು ಇದೇ. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲೋ ಧರ್ಮಸ್ಥಳ ಸಂಘದಲ್ಲೋ ಮುಂದಿನ ಶಿಬಿರ ಎಲ್ಲಿ, ಯಾವಾಗ ಎಂದು ಕೇಳಿ. ಆದರೆ ಫಿಟ್ಸ್ ಬಂದಿದ್ದವರು, ಲಿವರ್ ತೊಂದರೆ, ಕಾಮಾಲೆ ಇರುವವರು ಮೊದಲು ಆಸ್ಪತ್ರೆಗೆ ತೋರಿಸಿಕೊಂಡೇ ಶಿಬಿರಕ್ಕೆ ಹೋಗಲಿ.

ಎ.ಎ. ಸಭೆಗಳು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ನಡೆಯುತ್ತವೆ. ಫೀಸಿಲ್ಲ, ಹೆಸರು ವಿಳಾಸ ಕೇಳುವುದಿಲ್ಲ, ಜಾತಿ ಧರ್ಮದ ಪ್ರಶ್ನೆಯಿಲ್ಲ. ಕುಡಿದು ಬಿಟ್ಟವರೇ ಕುಡಿಯುವವರಿಗೆ ತಮ್ಮ ಕಥೆ ಹೇಳುತ್ತಾರೆ. ‘ನಿನಗೇನು ಗೊತ್ತು ನನ್ನ ಕಷ್ಟ?’ ಎಂದು ನಿಮ್ಮ ಬಾಯಿ ಮುಚ್ಚಿಸುವವರು ಅಲ್ಲಿ ಹಾಗೆ ಹೇಳಲಾಗುವುದಿಲ್ಲ. ಮನೆಯವರ ಆಲ್-ಅನಾನ್ ಸಭೆ ಎಲ್ಲಿದೆ ಎಂದೂ ಅಲ್ಲಿಯೇ ವಿಚಾರಿಸಿ.

ಕೇಂದ್ರಕ್ಕೆ ಸೇರಿಸುವ ಮುಂಚೆ

ಖಾಸಗಿ ವ್ಯಸನಮುಕ್ತಿ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ, ಬರೀ ಕೂಡಿಹಾಕುವ ಜಾಗಗಳೂ ಇವೆ. ಸೀರೆ ಅಂಗಡಿಯಲ್ಲಿ ನಾಲ್ಕು ಸಲ ಅಂಚು ತಿರುಗಿಸಿ ನೋಡುವ ನಾವು ಇಲ್ಲಿ ಕಣ್ಣುಮುಚ್ಚಿ ಸಹಿ ಹಾಕಬಾರದು. ಈ ಐದು ಪ್ರಶ್ನೆ ಕೇಳಿ.

* ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ? ಪತ್ರ ತೋರಿಸುತ್ತೀರಾ?
* ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತೀರಿ?
* ನಾನು ಬಂದು ನೋಡಬಹುದೇ, ಫೋನಿನಲ್ಲಿ ಮಾತಾಡಬಹುದೇ?
* ಒಟ್ಟು ಖರ್ಚೆಷ್ಟು? ಬರೆದು ಕೊಡುತ್ತೀರಾ?
* ಮನೆಗೆ ಬಂದ ಮೇಲೆ ಮುಂದೇನು? ಯಾರು ನೋಡಿಕೊಳ್ಳುತ್ತಾರೆ?

‘ನೀವು ಹೂಂ ಅನ್ನಿ ಸಾಕು, ರಾತ್ರಿ ಹುಡುಗರನ್ನು ಕಳಿಸಿ ಎತ್ತಾಕೊಂಡು ಬರ್ತೀವಿ’ ಎನ್ನುವ ಜಾಗಕ್ಕೆ ದೂರದಿಂದಲೇ ಕೈಮುಗಿಯಿರಿ. ಸರಪಳಿ ಹಾಕುವುದು, ಹೊಡೆಯುವುದು ಚಿಕಿತ್ಸೆಯಲ್ಲ. ಸರಪಳಿ ಹಾಕುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ. ಹೊಡೆತ ತಿಂದು ಬಂದವರು ಕುಡಿತ ಬಿಡುತ್ತಾರೋ ಇಲ್ಲವೋ, ನಿಮ್ಮ ಮೇಲೆ ಹಗೆಯಂತೂ ಸಾಧಿಸುತ್ತಾರೆ.

ಮಾತು ಹೇಗೆ ತೆಗೆಯುವುದು?

ಕುಡಿದು ಬಂದ ರಾತ್ರಿ ಮಾತು ಬೇಡ. ಆ ಹೊತ್ತಿನಲ್ಲಿ ನೀವು ಮಾತಾಡುತ್ತಿರುವುದು ಬಾಟಲಿಯ ಜೊತೆ. ಮಾರನೇ ಬೆಳಿಗ್ಗೆ, ಕಾಫಿ ಕೊಟ್ಟು, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಕೂತುಕೊಳ್ಳಿ. ‘ನೀವು ಯಾವಾಗ್ಲೂ ಹಿಂಗೇ’ ಎನ್ನಬೇಡಿ. ನಡೆದದ್ದನ್ನಷ್ಟೇ ಹೇಳಿ. ‘ನಿನ್ನೆ ಮಗೂನ ಬೈಕಲ್ಲಿ ಕೂರಿಸ್ಕೊಂಡು ಬರೋವಾಗ ಗಾಡಿ ವಾಲಾಡ್ತಿತ್ತು. ನಂಗೆ ತುಂಬಾ ಭಯ ಆಯ್ತು.’ ಬೈಗುಳವಿಲ್ಲದ ಮಾತಿಗೆ ಅವರ ಹತ್ತಿರ ಉತ್ತರವಿರುವುದಿಲ್ಲ. ಆಮೇಲೆ ಒಂದೇ ಒಂದು ಕೋರಿಕೆ. ‘ಬರೋ ಮಂಗಳವಾರ ಡಾಕ್ಟ್ರ ಹತ್ರ ಹೋಗಿಬರೋಣ, ನಾನೂ ಬರ್ತೀನಿ.’ ಒಪ್ಪದಿದ್ದರೆ ಬಿಡಿ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿ.

ಅದರ ಜೊತೆಗೆ ಕೆಲವನ್ನು ನಿಲ್ಲಿಸಿ. ಫ್ಯಾಕ್ಟರಿಗೆ ಜ್ವರದ ಸುಳ್ಳು ಹೇಳುವುದನ್ನು ನಿಲ್ಲಿಸಿ. ಬಾರಿನ ಸಾಲ ತೀರಿಸುವುದನ್ನು ನಿಲ್ಲಿಸಿ. ‘ಹೊರಗೆ ಬಿದ್ದು ಒದ್ದಾಡೋದಕ್ಕಿಂತ ಮನೇಲೇ ಕುಡೀಲಿ’ ಎಂದು ನೀವೇ ಬಾಟಲಿ ತರಿಸಿಡುವುದನ್ನು ನಿಲ್ಲಿಸಿ. ಇದು ಪ್ರೀತಿಯ ಕೊರತೆಯಲ್ಲ. ಕುಡಿತದ ಫಲ ಅವರಿಗೆ ತಟ್ಟದಂತೆ ಮೆತ್ತನೆ ದಿಂಬಾಗಿ ನಡುವೆ ನಿಂತವರು ಇಷ್ಟು ದಿನ ನೀವು. ದಿಂಬು ಸರಿದರೆ ಎಚ್ಚರವಾಗಬಹುದು. ಗೃಹಲಕ್ಷ್ಮಿ ಹಣ, ದುಡಿಮೆಯ ಹಣ ಏನಿದ್ದರೂ ನಿಮ್ಮ ಖಾತೆಯಲ್ಲೇ ಇರಲಿ. ಎಟಿಎಂ ಕಾರ್ಡು, ಪಿನ್ ನಂಬರ್ ನಿಮ್ಮ ಹತ್ತಿರವೇ ಇರಲಿ. ಕುಡಿದವರ ಬೈಕಿನಲ್ಲಿ ಮಕ್ಕಳು ಹತ್ತುವುದು ಬೇಡ, ಇದರಲ್ಲಿ ಯಾವ ರಾಜಿಯೂ ಇಲ್ಲ.

ಮಕ್ಕಳಿಗೂ ನಿಜ ಹೇಳಿ. ‘ಅಪ್ಪನಿಗೆ ಹುಷಾರಿಲ್ಲ’ ಎಂಬ ಸುಳ್ಳು ಅವರಿಗೆ ಯಾವತ್ತೋ ಗೊತ್ತಾಗಿದೆ. ‘ಅಪ್ಪನಿಗೆ ಕುಡಿತದ ಕಾಯಿಲೆ ಇದೆ, ಅದು ನಿನ್ನಿಂದ ಬಂದಿದ್ದಲ್ಲ, ಔಷಧಿ ಹುಡುಕ್ತಾ ಇದೀವಿ’ ಅನ್ನಿ. ಒಳಗಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಆ ಹುಡುಗಿಗೆ ಅದಕ್ಕಿಂತ ದೊಡ್ಡ ಧೈರ್ಯ ಬೇರೆಯಿಲ್ಲ.

ಕೈ ಎತ್ತಿದರೆ?

ಹೊಡೆತ ಬಡಿತ ಇದ್ದರೆ ಮೇಲಿನ ಸಮಾಧಾನದ ಪಾಠಗಳೆಲ್ಲ ಪಕ್ಕಕ್ಕೆ. ಮೊದಲು ನಿಮ್ಮ ಮತ್ತು ಮಕ್ಕಳ ಪ್ರಾಣ. ತಕ್ಷಣಕ್ಕೆ 112, ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲೇ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿಯಲ್ಲೇ, ದೂರು ಕೊಡಬಹುದು. ಮನೆಯಿಂದ ನಿಮ್ಮನ್ನು ಹೊರಹಾಕದಂತೆ ಈ ಕಾಯ್ದೆಯಡಿ ರಕ್ಷಣೆ ಕೇಳಬಹುದು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಟಿ.ಸಿ. ಮತ್ತು ಅಂಕಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿ ನಂಬಿಕೆಯ ಮನೆಯಲ್ಲಿ ಇಟ್ಟಿರಿ. ಕಾಯಿಲೆ ಹೌದು, ಆದರೆ ಕಾಯಿಲೆ ಇದೆ ಎಂದು ಹೆಂಡತಿಯನ್ನು ಹೊಡೆಯುವ ಹಕ್ಕು ಯಾರಿಗೂ ಬರುವುದಿಲ್ಲ.

ಮತ್ತೆ ಕುಡಿದುಬಿಟ್ಟರೆ?

ಆರು ತಿಂಗಳು ಬಿಟ್ಟಿದ್ದರು. ಯಾರದೋ ಮದುವೆಯ ಹಿಂದಿನ ರಾತ್ರಿ ಗೆಳೆಯರು ಬಲವಂತ ಮಾಡಿದರು, ಮತ್ತೆ ಶುರುವಾಯಿತು. ‘ಎಲ್ಲಾ ಮುಗೀತು, ಇವರ ಹಣೆಬರಹವೇ ಇಷ್ಟು’ ಎಂದು ನೀವು ತಲೆ ಮೇಲೆ ಕೈಹೊತ್ತು ಕೂತಿರಿ. ಮುಗಿದಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಮತ್ತೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ? ಇದೂ ಹಾಗೇ. ಜಾರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಹಂಗಿಸದೆ, ಅದೇ ವಾರ ಮತ್ತೆ ಡಾಕ್ಟರ ಹತ್ತಿರವೋ ಸಮಿತಿಗೋ ಕರೆದುಕೊಂಡು ಹೋಗಿ. ಕುಡಿಯದೆ ಕಳೆದ ಆರು ತಿಂಗಳು ಸುಳ್ಳಾಗುವುದಿಲ್ಲ.

ಗಂಡ ಎಂದೇ ಬರೆದುಕೊಂಡು ಬಂದೆ. ಮಗನಿರಬಹುದು, ಅಣ್ಣನಿರಬಹುದು. ಯಾರಿಗೂ ಹೇಳಿಕೊಳ್ಳಲಾಗದೆ ನಿದ್ದೆ ಮಾತ್ರೆಗೋ ಬೇರೊಂದಕ್ಕೋ ಅಂಟಿಕೊಂಡ ನೀವೇ ಇರಬಹುದು. ನಿಮಗೂ ಅದೇ ನಂಬರು, ಅದೇ ಬಾಗಿಲು.

ತಿ. ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದಕ್ಕೇ ಹೇಳುತ್ತಾರೆ. ತಕ್ಕಡಿ ವಾಲುವುದಕ್ಕೆ ಅಷ್ಟು ಸಾಕು, ಒಂದು ಗುಲಗಂಜಿ! ನಿಮ್ಮ ಒಂದು ಫೋನ್ ಕರೆ ಅಷ್ಟೇ ತೂಕದ್ದಿರಬಹುದು. ಅದರಿಂದ ನಾಳೆಯೇ ಅವರು ಬಿಡುತ್ತಾರೆಂದು ನಾನು ಭರವಸೆ ಕೊಡಲಾರೆ. ಆದರೆ ನಾಳೆ ಸಂಜೆ ಏಳೂವರೆಗೆ ಗೇಟಿನ ಸದ್ದಾದಾಗ, ಮನೆಯ ಹೊರಗೆ ಈ ಕಷ್ಟ ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ. ಇಷ್ಟು ವರ್ಷ ಅದೂ ಇರಲಿಲ್ಲವಲ್ಲ.

ಟಿ.ವಿ. ಸೌಂಡ್ ಕಮ್ಮಿ ಮಾಡಿ. ಫೋನ್ ಕೈಗೆ ತಗೊಳ್ಳಿ.